ಲಿನಕ್ಸಿನ ಪರವಾಗಿ ಅರ್ಥ ಹೇಳಿದ ನಮ್ಮ ಭಾವ

ನಮ್ಮ ಭಾವನನ್ನು ಯುದ್ಧಕ್ಕೆ ಬೇಕಾದರೆ ಕರೆದುಕೊಂಡು ಹೋಗಿ, ಹೋಟೆಲಿಗೆ ಮಾತ್ರ ಕರೆದುಕೊಂಡು ಹೋಗಬೇಡಿ!

ಭಾವ ಅಂದರೆ ನನ್ನ ಹೆಂಡತಿಯ ಅಣ್ಣ; ಅವರು ನನ್ನನ್ನು ಕರೆಯುವುದೂ ಭಾವ ಅಂತಲೇ. ತಾಳಮದ್ದಳೆಯ ಅರ್ಥಧಾರಿ. ವೇಷ ಕಟ್ಟದೆ, ಕುಣಿಯದೆ, ಶಾಲು ಹೊದ್ದು ಕುಳಿತಲ್ಲಿಂದಲೇ ಬರೀ ಮಾತಿನಲ್ಲಿ ಎದುರಿನವನನ್ನು ಕೆಡವುವ ವಿದ್ಯೆ ಅದು. ಇವತ್ತು ಈ ಪಕ್ಷ, ನಾಳೆ ಎದುರು ಪಕ್ಷ. ಎರಡರ ಪರವಾಗಿಯೂ ಅಷ್ಟೇ ಚೆನ್ನಾಗಿ ಮಾತಾಡಬಲ್ಲರು. ತೊಂದರೆ ಇರುವುದೇ ಅಲ್ಲಿ. ಒಮ್ಮೆ ಪುತ್ತೂರಿನ ಹೋಟೆಲೊಂದರಲ್ಲಿ ಸಪ್ಲಾಯರ್ ಬಂದು, "ಬನ್ಸ್ ಉಂಟು, ಗೋಳಿಬಜೆ ಉಂಟು, ಎಂತ ಕೊಡುದು?" ಅಂತ ಕೇಳಿದ. ಭಾವ ಮೊದಲು ಬನ್ಸಿನ ಪರವಾಗಿ ಮಾತಾಡಿದರು. ಗೋಳಿಬಜೆಗೆ ಅನ್ಯಾಯವಾಯಿತು ಅನ್ನಿಸಿ ಅದರ ಪರವಾಗಿಯೂ ಮಾತಾಡಿದರು. ಬನ್ಸ್ ಅದಕ್ಕೆ ಉತ್ತರ ಕೊಡದೆ ಇರುತ್ತದೆಯೇ? ಅಷ್ಟರಲ್ಲಿ ಎರಡೂ ಖಾಲಿ! ನಾವು ಬರೀ ಚಾ ಕುಡಿದು ಬಸ್ಸು ಹತ್ತಿದೆವು.

ಇದನ್ನು ನಾನು ಹೇಳುತ್ತಿದ್ದೇನೆ, ಬರೆದುಕೊಳ್ಳುತ್ತಿರುವವಳು ನನ್ನ ಹೆಂಡತಿ. ಅವರ ತಂಗಿಯಾದ್ದರಿಂದ ಹೆಚ್ಚು ಬಣ್ಣ ಹಚ್ಚಲು ಬಿಡುವುದಿಲ್ಲ. ಈಗಲೂ "ಗೋಳಿಬಜೆ ಒಂದು ಪ್ಲೇಟ್ ಸಿಕ್ಕಿತ್ತಂತೆ, ಅಣ್ಣ ಹೇಳಿದ್ದ" ಅನ್ನುತ್ತಿದ್ದಾಳೆ. ಆಗಲಿ, ಸಿಕ್ಕಿತ್ತು.

ನಾನೇ ಯಾಕೆ ಬರೆಯುತ್ತಿಲ್ಲ ಅಂದರೆ, ನನಗೆ ಅಕ್ಷರ ಕಾಣುವುದಿಲ್ಲ. ನಾನು ಓದಿದ್ದು ಹೈಸ್ಕೂಲು, ಮಾಡಿದ್ದು ಪಂಜದ ಕಡೆಗೆ ಹೋಗುವ ಬಸ್ಸಿನ ಕಂಡಕ್ಟರಿಕೆ. ಬೆಳಿಗ್ಗೆ ಪೇಪರಿನ ಕಟ್ಟು ನಮ್ಮ ಬಸ್ಸಿನಲ್ಲೇ ಬರುತ್ತಿದ್ದದ್ದರಿಂದ ಊರಿನಲ್ಲಿ ಮೊದಲು ಪೇಪರ್ ಓದುವವನು ನಾನೇ ಆಗಿದ್ದೆ. ಆ ಗರ್ವ ನಿವೃತ್ತಿಯಾದ ಮೇಲೂ ಹೋಗಲಿಲ್ಲ. ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಮಾತ್ರೆ ಕೊಟ್ಟರು. ನುಂಗಿದೆ ಅಂತ ಹೇಳಿ ಅಂಗಳದ ಬಾಳೆಯ ಬುಡಕ್ಕೆ ಎಸೆಯುತ್ತಿದ್ದೆ. ಬಾಳೆ ಚೆನ್ನಾಗಿ ಬಂತು, ನನ್ನ ಕಣ್ಣು ಹೋಯಿತು. ಕಳೆದ ವರ್ಷ ಡಾಕ್ಟರು, "ಇನ್ನು ಓದುವಷ್ಟು ದೃಷ್ಟಿ ತಿರುಗಿ ಬರುವುದಿಲ್ಲ" ಅಂದರು. ಇದು ನನ್ನದೇ ಕೈಯ ಕೆಲಸ, ಬೇರೆ ಯಾರನ್ನು ಬೈಯಲಿ?

ಈ ಸಂಗತಿಯನ್ನು ಯಾರಿಗೂ ಹೇಳಲಿಲ್ಲ. ದಿನಾ ಪೇಪರ್ ಹಿಡಿದು ಮನೆಯ ಚಾವಡಿಯಲ್ಲಿ ಕುಳಿತುಕೊಳ್ಳುತ್ತಿದ್ದೆ. ಒಂದು ದಿನ ಭಾವ ಬಂದು, "ಎಂತ ಸುದ್ದಿ ಭಾವ ಇವತ್ತು?" ಅಂತ ಕೇಳಿದರು. ಬೆಳಿಗ್ಗೆ ರೇಡಿಯೋದಲ್ಲಿ ಕೇಳಿದ್ದನ್ನೆಲ್ಲ ಗಂಭೀರವಾಗಿ ಒಪ್ಪಿಸಿದೆ. ಭಾವ "ಹೌದಾ" ಅಂದರು. ಅವರ ಬಾಯಿಂದ ಒಂದೇ ಮಾತು ಹೊರಟದ್ದು ನನಗೆ ಆಶ್ಚರ್ಯವಾಯಿತು. ನನ್ನ ಕೈಯಲ್ಲಿದ್ದದ್ದು ಪೇಪರಿನ ಒಳಗೆ ಬರುವ ಸುಳ್ಯದ ಫರ್ನಿಚರ್ ಅಂಗಡಿಯೊಂದರ ಜಾಹೀರಾತು ಅಂತ ಆಮೇಲೆ ಹೆಂಡತಿ ಹೇಳಿದಳು. ಸೋಫಾ ನೋಡಿಕೊಂಡು ನಾನು ದೇಶದ ಸುದ್ದಿ ಓದಿದ್ದೆ!

ಹೆಂಡತಿ ಓದಿ ಹೇಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ಸತ್ಯ ಗೊತ್ತಾದ ಮೇಲೆ ಅವಳು ಪ್ರಯತ್ನಪಟ್ಟಳು. ಅವಳು ಓದುವುದು ಸುದ್ದಿಯ ಮೊದಲ ಸಾಲು ಮಾತ್ರ. ಉಳಿದದ್ದು ಅವಳ ಅಭಿಪ್ರಾಯ. (ಇದನ್ನು ಬರೆದುಕೊಳ್ಳುವಾಗ ಅವಳು ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಏನು ಸಿಗುತ್ತದೋ ನೋಡಬೇಕು.)

ಇದಾಗಿ ವಾರದೊಳಗೆ ಭಾವನಿಗೆ ಕಂಪ್ಯೂಟರಿನ ಹುಚ್ಚು ಹಿಡಿಯಿತು! ಕಾಣಿಯೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಹಮೀದ್ ಸಾಹೇಬರು ಅವರ ದೋಸ್ತಿ. ಗಲ್ಫಿನಲ್ಲಿ ಇದೇ ಕೆಲಸ ಮಾಡಿ ಬಂದವರು. ಅವರ ಅಂಗಡಿಯ ಮೂಲೆಯಲ್ಲಿದ್ದ ಹಳೇ ಲ್ಯಾಪ್‌ಟಾಪನ್ನು ಭಾವ ಎತ್ತಿಕೊಂಡರು. ಬೆಂಚಿನಲ್ಲಿ ಕುಳಿತಿದ್ದ ನಾನು ಇಬ್ಬರ ಮಾತನ್ನೂ ಕೇಳಿಸಿಕೊಂಡೆ.

"ಇದು ಮುದಿ ಆಗಿದೆ ಮಾರಾಯ್ರೆ, ಭಾರ ಹೊರುದಿಲ್ಲ. ಕಂಪ್ಯೂಟರ್ ನಡೆಸ್ಲಿಕ್ಕೆ ಲಿನಕ್ಸ್ ಅಂತ ಸಾಫ್ಟ್‌ವೇರ್ ಉಂಟು, ಅದನ್ನು ಹಾಕುವ. ಧರ್ಮಕ್ಕೆ ಸಿಗ್ತದೆ, ಹಗುರವೂ ಉಂಟು," ಅಂದರು ಸಾಹೇಬರು.

"ಹಾಕಿ. ಲಿನಕ್ಸ್ ಅಂದ್ರೆ ಒಂದೇ ಅಲ್ವಾ?"

"ಎಲ್ಲಿ ಒಂದು? ಮಿಂಟ್, ಉಬುಂಟು, ಡೆಬಿಯನ್ ಅಂತ ನೂರಾರು ಉಂಟು!"

ಸಾಹೇಬರು ಮಾಡಿದ ತಪ್ಪು ಇದೇ. ಬನ್ಸ್ ಮತ್ತು ಗೋಳಿಬಜೆಯ ನಡುವೆ ತೀರ್ಮಾನ ಮಾಡಲಾಗದ ಮನುಷ್ಯನಿಗೆ ನೂರಾರು ಉಂಟು ಅಂತ ಹೇಳುವುದೇ?

"ಹೊಸಬರಿಗೆ ಮಿಂಟ್ ಸಾಕು," ಅಂತ ಸಾಹೇಬರು ಕೂಡಲೇ ತಿದ್ದಿದರು. ಕಾಲ ಮಿಂಚಿತ್ತು.

"ಎದುರಿನವನ ಮಾತು ಕೇಳದೆ ತೀರ್ಪು ಕೊಡುದಾ ಸಾಹೇಬ್ರೆ? ನೀವು ಮಿಂಟಿನ ಪರ. ನಾನು ಉಬುಂಟುವಿನ ಪರ. ಭಾವ, ನೀವು ಡೆಬಿಯನ್."

"ನನಗೆ ಅದರ ಬಗ್ಗೆ ಎಂತದೂ ಗೊತ್ತಿಲ್ಲ ಭಾವ."

"ಸುಮ್ಮನೆ ಕೂತ್ಕೊಳ್ಳಿ. ಅವನೂ ಹೆಚ್ಚು ಮಾತಾಡುವವನಲ್ಲ."

ಹೀಗೆ ಮೊಬೈಲ್ ಅಂಗಡಿಯಲ್ಲಿ ತಾಳಮದ್ದಳೆ ಶುರುವಾಯಿತು! ಸಾಹೇಬರು ಪಾಪ, "ಮಿಂಟ್ ಸುಲಭ" ಅಂತ ಒಂದು ಮಾತು ಹೇಳಿದರೆ, ಭಾವ ಎದೆಯುಬ್ಬಿಸಿ, "ಸುಲಭ! ಸುಲಭವಾಗಿ ದಕ್ಕಿದ್ದಕ್ಕೆ ಲೋಕದಲ್ಲಿ ಬೆಲೆ ಉಂಟೋ?" ಅಂತ ಗರ್ಜಿಸುತ್ತಿದ್ದರು. ನಾನು ಸುಮ್ಮನಿದ್ದದ್ದು ಕಂಡು ಡೆಬಿಯನ್ನಿನ ಪರವಾಗಿಯೂ ಅವರೇ ಎದ್ದರು. "ನಿಧಾನಿ ಅನ್ನುತ್ತೀರಿ. ಹೌದು, ನಿಧಾನಿ! ಆದರೆ ಊರಿಟ್ಟ ಪಾದವನ್ನು ಕದಲಿಸಿದವನಲ್ಲ!" ರೀಚಾರ್ಜ್ ಮಾಡಿಸಲು ಬಂದ ಹೆಂಗಸೊಬ್ಬರು ಬಂದ ಕೆಲಸ ಮರೆತು ಚಪ್ಪಾಳೆ ತಟ್ಟಿದರು. ನಾನು ಎಂದಿನಂತೆ ನಿದ್ದೆ ಹೋದೆ. ಭಾವನ ತಾಳಮದ್ದಳೆಯಲ್ಲಿ ಒಮ್ಮೆಯೂ ಕೊನೆಯ ತನಕ ಎಚ್ಚರವಿದ್ದವನಲ್ಲ ನಾನು.

ಮಾತಿನಲ್ಲಿ ಗೆದ್ದದ್ದನ್ನು ಸಾಹೇಬರು ಪೆನ್‌ಡ್ರೈವಿಗೆ ಹಾಕಿ ಕೊಡುವುದು, ಭಾವ ಅದನ್ನು ಲ್ಯಾಪ್‌ಟಾಪಿಗೆ ಚುಚ್ಚಿ ಪರೀಕ್ಷೆ ಮಾಡುವುದು. ಒಳಗೆ ಇಳಿಸದೆ ಹಾಗೆಯೇ ಓಡಿಸಿ ನೋಡಬಹುದಂತೆ, ಹಿಡಿಸದಿದ್ದರೆ ಕಿತ್ತರಾಯಿತು. ಆದರೆ ಪರೀಕ್ಷೆಯ ರೀತಿ ನೋಡಬೇಕಿತ್ತು! ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಪರದೆಯ ಕಡೆ ನೋಡದೆ, ಕಣ್ಣು ಮುಚ್ಚಿ ಕೂರುತ್ತಿದ್ದರು. ಸ್ವಲ್ಪ ಹೊತ್ತಿಗೆ ಮುಖ ಹುಳಿಯಾಗುತ್ತಿತ್ತು. "ಛೆ! ಇವನೂ ಬೇಡ." ಉಬುಂಟು ಹೋಯಿತು, ಡೆಬಿಯನ್ ಹೋಯಿತು, ಮಿಂಟೂ ಹೋಯಿತು. ಹೆಸರು ಬಾಯಿಗೆ ಬಾರದವು ಇನ್ನೆಷ್ಟೋ ಹೋದವು. ಮಳೆಗಾಲವೇ ಮುಗಿಯಿತು.

ನಾನು ಮಾಡಿದ್ದೇನು? ಕೆದಂಬಾಡಿಯ ಮದುವೆಯೊಂದರಲ್ಲಿ ನೆಂಟರ ನಡುವೆ ಕುಳಿತು, "ನಮ್ಮ ಭಾವ ಈಗ ಕಂಪ್ಯೂಟರಿನ ನಾಡಿ ಕೇಳುವ ವೈದ್ಯರಾಗಿದ್ದಾರೆ!" ಅಂತ ಹೇಳಿ ಎಲ್ಲರನ್ನೂ ನಗಿಸಿದೆ. ಭಾವ ಹಿಂದಿನ ಪಂಕ್ತಿಯಲ್ಲೇ ಊಟಕ್ಕೆ ಕುಳಿತಿದ್ದರು. ಅವರಿಗೂ ಕೇಳಿಸಿರಬೇಕು. ಪಾಯಸ ಬೇಡ ಅಂತ ಕೈ ಅಡ್ಡ ಹಿಡಿದರಂತೆ.

ಕೊನೆಗೊಂದು ಸಂಜೆ ಸಾಹೇಬರ ತಾಳ್ಮೆ ತಪ್ಪಿತು. ಭಾವ ಮತ್ತೊಂದು ಪೆನ್‌ಡ್ರೈವ್ ಕೇಳಿದಾಗ ಅವರು ಕೈ ಮುಗಿದುಬಿಟ್ಟರು.

"ಎಷ್ಟು ಬದಲಾಯಿಸಿದ್ರೂ ಪ್ರಯೋಜನ ಇಲ್ಲ ಮಾರಾಯ್ರೆ! ಇದರಲ್ಲೆಲ್ಲ ಕನ್ನಡ ಓದುವ ಸ್ವರ ಒಂದೇ. ಪಂಜರ ಬದಲಾಯಿಸಿದ್ರೆ ಗಿಳಿಯ ಸ್ವರ ಬದಲಾಗ್ತದಾ?"

"ಓದುವ ಸ್ವರವಾ? ಯಾವ ಸ್ವರ?" ಅಂದೆ ನಾನು.

ಸಾಹೇಬರು ಇಯರ್‌ಫೋನಿನ ವಯರು ಎಳೆದರು. ಲ್ಯಾಪ್‌ಟಾಪಿನೊಳಗಿಂದ ಮೂಗು ಕಟ್ಟಿದವನ ಹಾಗೆ ಒಬ್ಬ ಆ ದಿನದ ಪೇಪರನ್ನು ಕನ್ನಡದಲ್ಲಿ ಓದುತ್ತಿದ್ದ.

"ಇದು ಯಾರಿಗೆ?"

"ಮತ್ತೆ ಯಾರಿಗೆ?" ಅಂದರು ಸಾಹೇಬರು. "ನಿಮಗೇ. ಅವತ್ತು ಸೋಫಾ ಓದಿದಿರಲ್ಲ, ಆ ಸಂಜೆಯೇ ಓಡಿ ಬಂದದ್ದು ಇವರು. ಕಣ್ಣಿಲ್ಲದವರಿಗೆ ಓದಿ ಹೇಳುವ ಮೆಶಿನ್ ಬೇಕು ಅಂತ."

ಭಾವ ನೆಲ ನೋಡುತ್ತ, "ಉಚ್ಚಾರ ಸರಿ ಇರುವ ಒಬ್ಬನನ್ನು ಹುಡುಕುವ ಅಂತ ಇದ್ದೆ," ಅಂದರು. ಅಷ್ಟೇ.

ಕೊನೆಗೆ ಸಾಹೇಬರು ಮೊದಲ ದಿನವೇ ಹೇಳಿದ್ದ ಮಿಂಟನ್ನೇ ಒಳಗೆ ಇಳಿಸಿ, ಲ್ಯಾಪ್‌ಟಾಪನ್ನು ನಮ್ಮ ಚಾವಡಿಯಲ್ಲಿ ತಂದಿಟ್ಟರು. ಮರುದಿನ ಅದು ಓದಲು ಶುರು ಮಾಡಿತು. ಅದಕ್ಕೆ ಮದುವೆಯೂ ಒಂದೇ, ಮರಣವೂ ಒಂದೇ! ಭಾವ ಪಕ್ಕದಲ್ಲಿ ಕುಳಿತು ಹಲ್ಲು ಕಚ್ಚಿ ಕೇಳಿದರು. ಯಾರೋ ತೀರಿಕೊಂಡ ಸುದ್ದಿಯನ್ನು ಅದು ಬಸ್ಸಿನ ವೇಳಾಪಟ್ಟಿಯಂತೆ ಓದಿದಾಗ ಅವರಿಗೆ ತಡೆಯಲಾಗಲಿಲ್ಲ. "ಹೋದದ್ದು ಮನುಷ್ಯ ಮಾರಾಯ! ಸ್ವಲ್ಪ ನಿಲ್ಲಿಸಿ ಹೇಳು!" ಅಂತ ಲ್ಯಾಪ್‌ಟಾಪನ್ನು ಗದರಿಸಿ ಮುಚ್ಚಳ ಹಾಕಿದರು. ಪೇಪರ್ ಬಿಡಿಸಿ ತಾವೇ ಓದತೊಡಗಿದರು.

ಅಂದಿನಿಂದ ದಿನಾ ಬರುತ್ತಾರೆ. ಅಡಿಕೆಯ ಧಾರಣೆ ಇಳಿದರೆ ಸ್ವರ ಇಳಿಯುತ್ತದೆ, ಏರಿದರೆ ಮದ್ದಳೆಯೇ ಕೇಳಿಸುತ್ತದೆ. ನಾನು ಕಣ್ಣು ಮುಚ್ಚಿದರೆ ಓದು ನಿಲ್ಲುತ್ತದೆ.

"ನಿದ್ದೆಯಾ ಭಾವ?"

"ಇಲ್ಲ ಭಾವ. ಓದಿ."

ನಿಜಕ್ಕೂ ನಿದ್ದೆ ಬರುವುದಿಲ್ಲ ಈಗ. ಮದುವೆಯಲ್ಲಿ ಆಡಿದ ಮಾತಿಗೆ 'ತಪ್ಪಾಯಿತು' ಅಂತ ಹೇಳಬೇಕು ಅಂತ ದಿನಾ ಬಾಯಿ ತೆರೆಯುತ್ತೇನೆ. ಹೇಳಿದರೆ ಅವರು ಕೂಡಲೇ ನನ್ನ ಪಕ್ಷ ಹಿಡಿದು, ನನ್ನದು ತಪ್ಪೇ ಅಲ್ಲ ಅಂತ ವಾದಿಸಿ ಗೆದ್ದುಬಿಡುತ್ತಾರೆ! ಅದಕ್ಕೇ ಬರೆಸುತ್ತಿದ್ದೇನೆ. ನಾಳೆ ಅವರೇ ಇದನ್ನು ಗಟ್ಟಿಯಾಗಿ ಓದಲಿ. ಓದುವವನು ನಡುವೆ ವಾದಿಸುವಂತಿಲ್ಲವಲ್ಲ.

"ಆ ಮೆಶಿನ್ನಿಗೆ ಸರಿಯಾಗಿ ಓದ್ಲಿಕ್ಕೆ ಬರುವವರೆಗೆ ಮಾತ್ರ ನಾನು ಬರುದು, ಮತ್ತೆ ನೀವುಂಟು ಅದುಂಟು," ಅಂತ ಭಾವ ಮೊದಲೇ ಹೇಳಿಬಿಟ್ಟಿದ್ದಾರೆ.

ಲ್ಯಾಪ್‌ಟಾಪ್ ಮೂಲೆಯಲ್ಲಿ ಮುಚ್ಚಳ ಹಾಕಿಕೊಂಡು ಕುಳಿತಿದೆ. ದೇವರೇ, ಅದಕ್ಕೆ ಇಷ್ಟು ಬೇಗ ಬುದ್ಧಿ ಬಾರದಿರಲಿ.