ಕೊರಟಗೆರೆಗೆ ಹೋದ ಹುಗ್ಗಿ

"ಈ ಮನೆಯ ಸೌದೆ ಖರ್ಚನ್ನು ಅರ್ಧಕ್ಕೆ ಇಳಿಸದಿದ್ದರೆ ನನ್ನ ಹೆಸರು ನಂದೀಶ್ವರಯ್ಯನೇ ಅಲ್ಲ" ಎಂದು ನಾನು ಪ್ರತಿಜ್ಞೆ ಮಾಡಿದೆ. ಇಂಥ ಪ್ರತಿಜ್ಞೆಗಳನ್ನು ಹೆಂಡತಿ ಎದುರಿಗಿಲ್ಲದ ಹೊತ್ತು ನೋಡಿ ಮಾಡಬೇಕು. ನಾನು ನೋಡಲಿಲ್ಲ.

ಶಿವರುದ್ರಮ್ಮ ಒಲೆ ಊದುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಸೀಮೆಎಣ್ಣೆ ಉಳಿಸ್ತೀನಿ ಅಂತ ಹೋದ ತಿಂಗಳು ಹೊಂಗೆಎಣ್ಣೆ ದೀಪ ಹಚ್ಚಿದ್ರಿ. ಗೋಡೆಯೆಲ್ಲ ಮಸಿಯಾಗಿ ಸುಣ್ಣ ಹೊಡೆಸಬೇಕಾಯ್ತು. ಈಗ ಹೆಸರೂ ಬದಲಾಯಿಸ್ಕೋತೀರಾ?"

ಯುದ್ಧ ನಡೆಯುತ್ತಿದ್ದದ್ದು ಎಲ್ಲೋ ಸಮುದ್ರದಾಚೆ. ಅದರ ಹೊಗೆ ಮಾತ್ರ ಮಧುಗಿರಿಯ ನಮ್ಮ ಅಡುಗೆಮನೆಯಲ್ಲಿ ಏಳುತ್ತಿತ್ತು. ಸೀಮೆಎಣ್ಣೆ ಚೀಟಿಯ ಮೇಲೆ ಹನಿಹನಿಯಾಗಿ ಬರುತ್ತಿತ್ತು. ಸೌದೆಯ ಬೆಲೆ ನಮ್ಮೂರ ಬೆಟ್ಟ ಹತ್ತಿ ಕುಳಿತಿತ್ತು, ಇಳಿಯುವ ದಾರಿ ಮರೆತಂತೆ. ಪೆಟ್ರೋಲು ಸಿಗದೆ ಬಸ್ಸುಗಳೇ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡಾಡುತ್ತಿದ್ದವು. ಬಸ್ಸಿಗೇ ಒಲೆ ಬಂದ ಮೇಲೆ ತಾಲ್ಲೂಕು ಕಚೇರಿಯ ಗುಮಾಸ್ತನ ಒಲೆಯಲ್ಲಿ ಬೆಂಕಿ ಹೇಗೆ ಉಳಿದೀತು?

ಆದರೆ ನನ್ನಲ್ಲೊಂದು ಉಪಾಯವಿತ್ತು. ಯಾವುದೋ ವಾರಪತ್ರಿಕೆಯ ಮೂಲೆಯಲ್ಲಿ ಓದಿದ್ದೆ: ಅಕ್ಕಿಯನ್ನು ಸ್ವಲ್ಪ ಹೊತ್ತು ಕುದಿಸಿ, ಪಾತ್ರೆಯನ್ನು ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಹೂತು ಮುಚ್ಚಿಬಿಟ್ಟರೆ ಒಳಗಿನ ಕಾವಿಗೇ ಅನ್ನ ಬೇಯುತ್ತದಂತೆ. ಸೌದೆ ಬೇಡ, ಊದುವುದು ಬೇಡ, ಕಣ್ಣೀರು ಬೇಡ.

"ಅನ್ನ ಬೇಯೋಕೆ ಹುಲ್ಲಾ?" ಎಂದಳು ಶಿವರುದ್ರಮ್ಮ. "ಹಸು ಹೊಟ್ಟೇಲಿ ಬೇಯತ್ತೆ, ಗೊತ್ತು. ಪೆಟ್ಟಿಗೇಲಿ ಬೇಯೋದನ್ನ ನೋಡಿಲ್ಲ."

"ನಾಳೆ ನೋಡ್ತೀಯ. ನಾಳೆ ಅಡುಗೆ ನಂದು."

ಇದನ್ನೆಲ್ಲ ಅವಳ ಅಣ್ಣ ಶಂಕರಲಿಂಗಪ್ಪ ಪಡಸಾಲೆಯಲ್ಲಿ ಕುಳಿತು ಕೇಳುತ್ತಿದ್ದ. ಅವನು ಪಾವಗಡದಿಂದ ಬಂದಿದ್ದ. ತಂಗಿಯರಲ್ಲಿ ಕಿರಿಯವಳಾದ ಸರೋಜಮ್ಮನಿಗೆ ಕೊರಟಗೆರೆಯ ವೀರಭದ್ರಯ್ಯನವರ ಮಗನನ್ನು ನೋಡಿದ್ದರು. ಮಾರನೆಯ ದಿನ ಅಲ್ಲಿ ಮಾತು ಮುಗಿಸಿ ವೀಳ್ಯ ಬದಲಾಯಿಸುವುದೆಂದು ನಿಶ್ಚಯವಾಗಿತ್ತು. ಹಿಂದೊಂದು ಸಂಬಂಧ ಕೊನೆಯ ಗಳಿಗೆಯಲ್ಲಿ ತಪ್ಪಿಹೋಗಿ, ಸರೋಜಮ್ಮ ಬಹಳ ದಿನ ಬಾವಿಕಟ್ಟೆಯ ಕಡೆಗೂ ಹೋಗಿರಲಿಲ್ಲ. ಹಾಗಾಗಿ ಈ ಸಲ ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ವರನಿಗೆ ಜರಿಪಂಚೆ, ಬೀಗಿತ್ತಿಗೆ ಧರ್ಮಾವರದ ಸೀರೆ, ಎಲ್ಲವನ್ನೂ ಹಸಿರು ಬಣ್ಣದ ತಗಡಿನ ಪೆಟ್ಟಿಗೆಯಲ್ಲಿಟ್ಟು ಶಂಕರಲಿಂಗಪ್ಪ ತಂದಿದ್ದ. ಮದುವೆಯಲ್ಲಿ ನನ್ನ ಹೆಂಡತಿಗೆ ತವರಿನವರು ಕೊಟ್ಟದ್ದೂ ಅಂಥದೇ ಪೆಟ್ಟಿಗೆ. ಒಬ್ಬನೇ ಕಮ್ಮಾರ, ಒಂದೇ ಡಬ್ಬಿ ಬಣ್ಣ.

ಬೆಳಿಗ್ಗೆ ಶಿವರುದ್ರಮ್ಮ ದೇವಸ್ಥಾನಕ್ಕೆ ಹೋದಳು, ಅಣ್ಣ ಕ್ಷೌರಕ್ಕೆ ಹೋದ. ನಾನು ಪಂಚೆ ಎತ್ತಿ ಕಟ್ಟಿದೆ. ಹೆಂಡತಿಯ ಪೆಟ್ಟಿಗೆಯ ಬಟ್ಟೆಯನ್ನು ಮಂಚದ ಮೇಲೆ ಸುರಿದು, ಕರಿ ಕಂಬಳಿ ಹಾಸಿ, ಹುಲ್ಲು ತುಂಬಿದೆ. ಅಕ್ಕಿ, ಹೊಸ ಅವರೆಕಾಳು, ಮೆಣಸು, ಜೀರಿಗೆ ಸೇರಿಸಿ ಹುಗ್ಗಿಗೆ ಒಂದು ಕುದಿ ಬರಿಸಿದೆ. ತಟ್ಟೆ ಮುಚ್ಚಿ ಬಟ್ಟೆ ಬಿಗಿದು, ಪಾತ್ರೆಯನ್ನು ತೊಟ್ಟಿಲಿಗೆ ಕೂಸನ್ನಿಡುವಂತೆ ಹುಲ್ಲಿನೊಳಗಿಟ್ಟು ಕೊಂಡಿ ಹಾಕಿದೆ.

ಆಮೇಲೆ ಕಂಡದ್ದು, ಪಡಸಾಲೆಯ ತುಂಬ ಹುಲ್ಲಿನ ಧೂಳು. ಸೀರೆಗೆ ಧೂಳು ಬಿದ್ದೀತೆಂದು ಶಂಕರಲಿಂಗಪ್ಪನ ಪೆಟ್ಟಿಗೆಯನ್ನು ಎತ್ತಿ ಒಳಕೋಣೆಯಲ್ಲಿಟ್ಟೆ. ಅದಿದ್ದ ಬೆಂಚಿನ ಮೇಲೆ ನನ್ನದನ್ನಿಟ್ಟೆ. ಇಷ್ಟು ಮುಂಜಾಗ್ರತೆ ಜೀವಮಾನದಲ್ಲಿ ನಾನು ಇನ್ನೆಂದೂ ವಹಿಸಿಲ್ಲ. ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದೆ. ಬಸ್ಸಿನ ಹಾರನ್ ಕೇಳಿಸಿತು. "ಬಾವಾ, ಹೊರಟೆ" ಎಂದು ಶಂಕರಲಿಂಗಪ್ಪ ಬಾಗಿಲಲ್ಲಿ ಕೂಗಿದ. "ಶುಭವಾಗಲಿ" ಎಂದು ನಾನು ಬಚ್ಚಲಿನಿಂದಲೇ ಹರಸಿದೆ.

ಮಧ್ಯಾಹ್ನ ಎಲೆ ಹಾಕಿಸಿದೆ. ಮಂತ್ರವಾದಿಯ ಗಾಂಭೀರ್ಯದಿಂದ ಪೆಟ್ಟಿಗೆ ತರಲು ಹೋದೆ. ಬೆಂಚು ಖಾಲಿ. ಒಳಕೋಣೆಗೆ ಓಡಿ ಅಲ್ಲಿದ್ದ ಪೆಟ್ಟಿಗೆ ತೆರೆದರೆ ಧರ್ಮಾವರದ ಜರಿ ನನ್ನನ್ನು ನೋಡಿ ಹೊಳೆಯಿತು.

"ಅನ್ನ ಎಲ್ಲಿ?" ಎಂದಳು ಶಿವರುದ್ರಮ್ಮ.

"ಕೊರಟಗೆರೆಗೆ ಹೋಗಿದೆ."

ಅವಳು ಬೈಯಲಿಲ್ಲ. ಎಲೆಯ ಮುಂದೆ ಹಾಗೇ ಕುಳಿತು, "ನಮ್ ಸರೋಜನ ಗತಿ ಏನ್ರೀ?" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಸೀರೆಯ ಪೆಟ್ಟಿಗೆಯನ್ನು ಹೊತ್ತು ಮುಂದಿನ ಬಸ್ಸು ಹತ್ತಿದೆ. ಇದ್ದಿಲ ಬಸ್ಸೆಂದರೆ ಪ್ರಯಾಣಿಕರಿಗೂ ಅರ್ಧ ಕೆಲಸ. ಹೊರಡುವ ಮುಂಚೆ ಒಲೆಯ ಫ್ಯಾನು ತಿರುಗಿಸಬೇಕು. ನನ್ನ ಅವಸರ ಕಂಡು ಕ್ಲೀನರು ಹಿಡಿ ನನ್ನ ಕೈಗೇ ಕೊಟ್ಟ. ದಿಣ್ಣೆ ಬಂದಾಗ ಎಲ್ಲರೂ ಇಳಿದು ತಳ್ಳಬೇಕು. ತಳ್ಳುವ ಜಾಗ ಸರಿಯಾಗಿ ಒಲೆಯ ಮಗ್ಗುಲು. ಕೊರಟಗೆರೆಯಲ್ಲಿ ಇಳಿದಾಗ ನನ್ನ ಬಿಳಿ ಕೋಟು ಕಪ್ಪಾಗಿತ್ತು, ಮುಖವೂ ಕೋಟಿಗೆ ಒಪ್ಪುವಂತಿತ್ತು. ದಾರಿಯುದ್ದಕ್ಕೂ ವೀರಭದ್ರಯ್ಯನವರ ಕಾಲು ಹಿಡಿದು ಹೇಳಬೇಕಾದ ಮಾತುಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆ.

ಅವರ ಜಗಲಿಯಲ್ಲಿ ಶಂಕರಲಿಂಗಪ್ಪ ನನ್ನನ್ನು ಕಂಡವನೇ ಓಡಿಬಂದು ತೋಳು ಹಿಡಿದು ಪಕ್ಕಕ್ಕೆ ಎಳೆದ.

"ಬಾವಾ, ಬಾಯಿ ತೆಗೀಬೇಡಿ. ಪೆಟ್ಟಿಗೇನ ದಾರಿಯುದ್ದಕ್ಕೂ ತೊಡೆ ಮೇಲೆ ಇಟ್ಕೊಂಡಿದ್ದೆ. ತೊಡೆ ಬೆಚ್ಚಗಾಯ್ತು. ಬಸ್ಸಿನ ಒಲೆ ಕಾವು ಇರ್ಬೇಕು ಅಂದ್ಕೊಂಡೆ. ಇಲ್ಲಿ ಹಿರಿಯರೆಲ್ಲ ಕೂತಿದ್ರು. ತೆಗೆದ್ರೆ ಹುಲ್ಲು. ವೀರಭದ್ರಯ್ಯನೋರು ಏನಂದ್ರು ಗೊತ್ತಾ? 'ನಾವು ಕೇಳಿದ್ದು ಹೆಣ್ಣು, ಹಸು ಅಲ್ಲ' ಅಂದ್ರು. ನನ್ನ ಜೀವ ಅಲ್ಲೇ ಹೋಯ್ತು."

"ಆಮೇಲೆ?"

"ಹುಲ್ಲಿನೊಳಗಿಂದ ಅವರೆಕಾಳಿನ ಘಮ ಬಂತು. ಬೀಗಿತ್ತಿ ದಾಕ್ಷಾಯಣಮ್ಮನೋರು ಕೈ ಹಾಕಿ ಪಾತ್ರೆ ಎತ್ತಿದ್ರು, ಮುಚ್ಚಳ ತೆಗೆದ್ರು. ಹಬೆ ಎದ್ದು ಮುಖಕ್ಕೆ ಹೊಡೀತು. ಬೆಳಿಗ್ಗೆ ಮಾಡಿದ್ದು ಇನ್ನೂ ಹಿಂಗಿದೆಯಾ ಅಂತ ಬೆರಗಾಗೋದ್ರು. ಇಷ್ಟು ದೊಡ್ಡ ಸಂಸಾರ, ಒಲೆ ಆರಿಸೋ ಹಂಗೇ ಇಲ್ಲ ಅಂತ ಗೋಳಾಡ್ತಿದ್ದೋರು ಅವರು. ಎಲ್ಲರೂ ಒಂದೊಂದು ತುತ್ತು ತಿಂದ್ರು. ಇಂಥ ಉಪಾಯ ಯಾರದು ಅಂತ ಕೇಳಿದ್ರು."

ನಾನು ಕೋಟಿನ ಮಸಿ ಕೊಡವಿಕೊಂಡು, ಎದೆ ಮುಂದು ಮಾಡಿ, ಒಳಗೆ ಹೋಗಲು ಸಿದ್ಧನಾದೆ.

"ನಮ್ಮ ಸರೋಜಂದು ಅಂದ್ಬುಟ್ಟೆ" ಎಂದ ಶಂಕರಲಿಂಗಪ್ಪ.

ಒಳಗೆ ದಾಕ್ಷಾಯಣಮ್ಮನವರು ನನಗೆ ಉಪ್ಪಿಟ್ಟು ಕೊಟ್ಟು, ಎದುರಿಗೆ ಕುಳಿತು, ನನ್ನ ಪೆಟ್ಟಿಗೆಯನ್ನು ನನಗೇ ವಿವರಿಸಿದರು. ಕಂಬಳಿ ಯಾಕೆ ಹಾಸಬೇಕು, ಹುಲ್ಲು ಹೇಗೆ ಒತ್ತಬೇಕು, ಮುಚ್ಚಳ ಯಾಕೆ ಮಧ್ಯೆ ತೆಗೆಯಬಾರದು. "ನಮ್ಮ ಸೊಸೆ ಎಷ್ಟು ಯೋಚನೆ ಮಾಡಿದ್ದಾಳೆ ನೋಡಿ" ಎಂದರು. ಆಗಲೇ ಸೊಸೆ ಎನ್ನುತ್ತಿದ್ದರು. "ನಿಮ್ಮಂಥ ಗಂಡಸರಿಗೆ ಇದು ತಲೆಗೆ ಹತ್ತೋದಿಲ್ಲ ಬಿಡಿ. ಉಪ್ಪಿಟ್ಟು ತಿನ್ನಿ."

ನಾನು ತಿಂದೆ. ವೀಳ್ಯ ಬದಲಾಯಿತು. ಧರ್ಮಾವರದ ಸೀರೆಯನ್ನು ಅವರು ಮಡಿಲಿಗೆ ತೆಗೆದುಕೊಂಡಾಗ, ಯಾರು ಹೊಗಳಿಸಿಕೊಂಡರೇನು, ಹುಡುಗಿ ಸುಖವಾಗಿರಲಿ ಎಂದು ಮನಸ್ಸು ನಿಜವಾಗಿಯೂ ಹಗುರವಾಯಿತು. ಹಗುರವಾಗದ್ದು ನನ್ನ ಕೆಲಸ. ಮದುವೆಯೊಳಗೆ ಸರೋಜಮ್ಮನಿಗೆ ಅವಳದೇ ಉಪಾಯವನ್ನು ನಾನೇ ಕಲಿಸಬೇಕಾಯಿತು.

ಕಲಿಯುವಾಗ ಶಿವರುದ್ರಮ್ಮನೂ ಪಕ್ಕದಲ್ಲಿ ಕುಳಿತಿದ್ದಳು. ಮಾರನೆಯ ವಾರದಿಂದ ನಮ್ಮ ಅನ್ನ, ಬೇಳೆ ಎರಡೂ ಪೆಟ್ಟಿಗೆಯಲ್ಲೇ. ಬೆಳಗಿನ ಒಂದು ಉರಿಗೆ ಎರಡು ಹೊತ್ತಿನ ಊಟ ಆಗುತ್ತಿತ್ತು. ಒಲೆ ಊದಿ ಊದಿ ಕೆಂಪಾಗಿರುತ್ತಿದ್ದ ಅವಳ ಕಣ್ಣು ತಿಳಿಯಾದವು. ಬೀದಿಯ ಹೆಂಗಸರು ಬಂದು ನೋಡಿಕೊಂಡು ಹೋದರು. ಮನೆಮನೆಯಲ್ಲೂ "ಶಿವರುದ್ರಮ್ಮನ ಪೆಟ್ಟಿಗೆ" ಎದ್ದಿತು. ನನಗೆ ಉಳಿದ ಪದವಿ ಒಂದೇ, ಹುಲ್ಲು ತರುವುದು.

ಒಂದು ಸಂಜೆ ಕಚೇರಿ ಮುಗಿಸಿ, ಕೋಟು ರುಮಾಲಿನ ಮೇಲೆ ಹುಲ್ಲಿನ ಹೊರೆ ಹೊತ್ತು ಪೇಟೆಯಲ್ಲಿ ಬರುತ್ತಿದ್ದೆ. ಹಾದಿಬದಿಯಲ್ಲಿ ಸೌದೆ ಮಾರುತ್ತಿದ್ದ ಕರಿಯಕ್ಕ ಎಂಬ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಎಮ್ಮೆ ತಗಂಡ್ರಾ ಸ್ವಾಮಿ?"

"ಇಲ್ಲಮ್ಮ, ಎಮ್ಮೆ ಎಲ್ಲಿ ತರಲಿ?"

"ಮತ್ತೆ ಹುಲ್ಲು ಯಾರ್ಗೆ?"

"ಮನೇಲಿ ಊಟಕ್ಕೆ" ಎಂದೆ, ಅವಸರದಲ್ಲಿ.

ಕರಿಯಕ್ಕ ಸೌದೆಯ ಒಂದು ಕಟ್ಟನ್ನು ಎತ್ತಿ ನನ್ನ ಕಂಕುಳಿಗೆ ತುರುಕಿದಳು. "ಕಾಸು ಬ್ಯಾಡ ಬುಡಿ ಸ್ವಾಮಿ" ಎಂದಳು. "ಅಷ್ಟಾದ್ರೂ ಬೇಯಿಸ್ಕಂಡು ತಿನ್ನಿ."