ಹುಣಸಿವಾಡಿಯಲ್ಲಿ ಕಾಣೆಯಾದ ಒಂದು

ಹುಣಸಿವಾಡಿಯ ಅಂಗನವಾಡಿ ಕೇಂದ್ರದಲ್ಲಿ ಒಂದು ಎಂಬ ಸಂಖ್ಯೆ ಇಲ್ಲವೆಂಬ ಸಂಗತಿ ಇಲಾಖೆಯ ಗಮನಕ್ಕೆ ಬಂದದ್ದು ತೊಗರಿ ರಾಶಿ ಮುಗಿದ ವಾರ, ಮಂಗಳವಾರ, ಮುಂಜಾನೆ ಹನ್ನೊಂದು ಗಂಟೆಗೆ. ಎರಡು ಇತ್ತು, ಮೂರು ಇತ್ತು, ಇಪ್ಪತ್ತರ ತನಕ ಎಲ್ಲವೂ ಕ್ಷೇಮವಾಗಿದ್ದವು. ಒಂದು ಮಾತ್ರ ಇರಲಿಲ್ಲ.

ಇದು ಹೇಗಾಯಿತು ಅಂದರೆ, ಹೀಗಾಯಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಅಂಗನವಾಡಿಗಳಿಗೆ ಆ ವರ್ಷ ‘ಕಥೆಯಿಂದ ಎಣಿಕೆ’ ಅಂತ ಹೆಸರು ಬರೆದ ಪೆಟ್ಟಿಗೆಗಳು ಬಂದಿದ್ದವು. ಪೆಟ್ಟಿಗೆಯೊಳಗೆ ಚಿತ್ರದ ಪುಸ್ತಕ. ಪುಸ್ತಕದೊಳಗೆ ಹಿಮದ ಮೇಲೆ ಕೂತ ಬಿಳಿ ಕರಡಿ. ಪುಟ ತಿರುವಿದಂತೆ ಅದು ಮೀನು ನುಂಗುತ್ತದೆ, ಮಕ್ಕಳು ಮೀನು ಎಣಿಸಬೇಕು. ಹುಣಸಿವಾಡಿಯ ಟೀಚರ್ ಮಲ್ಕಮ್ಮ ಮೂರು ದಿನ ಗಂಟಲು ಹರಿದುಕೊಂಡು ಓದಿದಳು. ಮೂರೂ ದಿನ ಮಕ್ಕಳು ಕೇಳಿದ ಪ್ರಶ್ನೆ ಅದೇ: “ಅಷ್ಟು ಹತ್ತಿ ಯಾಕ ಹಾಸ್ಯಾರ್ರಿ ಅದಕ್ಕ?”

ನಾಲ್ಕನೇ ದಿನ ಅಡುಗೆ ಮಾಡುವ ಸಹಾಯಕಿ ಹೀರಾಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

“ಆ ಕರಡಿ ಬಿಡ್ರಿ ಟೀಚರ್ರ, ಅದಕ್ಕ ಹೊಟ್ಟಿ ತುಂಬ್ಯದ. ನಾ ಜರಾ ನಮ್ಮ ಕೋಳಿ ಕಥಿ ಹೇಳ್ತೇನಿ.”

ಕಣಕ್ಕೆ ನುಗ್ಗಿದ ಕೋಳಿ ತನ್ನ ಮರಿಗಳಿಗೆ ತೊಗರಿಕಾಳು ಕದ್ದು ತರುವ ಕಥೆ. ಮಕ್ಕಳೆಲ್ಲ ಮರಿಗಳಾಗಿ ದುಂಡಗೆ ಕೂತು ಅಂಗೈ ಚಾಚಿದವು. ಹೀರಾಬಾಯಿ ಕೊಕ್ಕೊಕ್ಕೋ ಅನ್ನುತ್ತ ಅಂಗೈಗೊಂದರಂತೆ ಕಾಳು ಹಾಕುತ್ತ ಹೋದಳು: “ಲಾಭ, ಎರಡು, ಮೂರು, ನಾಕು...”

ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುವ ಪದ್ಧತಿ ಆ ಊರಲ್ಲಿ ಇಲ್ಲ. ಲಾಭ ಅನ್ನುತ್ತಾರೆ, ಆಮೇಲೆ ಎರಡು. ಒಂದು ಅಂದರೆ ರಾಶಿ ಅಲ್ಲಿಗೇ ನಿಂತುಬಿಡುತ್ತದಂತೆ. ಹೀರಾಬಾಯಿ ಶಾಲೆಯ ಹೊಸ್ತಿಲು ತುಳಿದವಳಲ್ಲ, ನಲವತ್ತು ವರ್ಷ ಕಣದಲ್ಲಿ ಸೇರು ಹಿಡಿದವಳು. ಅವಳಿಗೆ ಬರುವ ಲೆಕ್ಕ ಅದೊಂದೇ. ಹದಿನೈದು ದಿನದಲ್ಲಿ ಹದಿನೆಂಟು ಮಕ್ಕಳೂ ಇಪ್ಪತ್ತರ ತನಕ ಎಣಿಸಿದವು. ಯಾವ ಮರಿಗೆ ಕಾಳು ಹೆಚ್ಚು, ಯಾವ ಮರಿಗೆ ಕಡಿಮೆ ಅಂತ ಜಗಳಾಡಿದವು. ತಾವೇ ಹಂಚಿ ಸರಿ ಮಾಡಿದವು. ಮಲ್ಕಮ್ಮನ ಎದೆ ಹೆಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿತು.

ಆ ಮಂಗಳವಾರ ಸೂಪರ್‌ವೈಜರ್ ನಾಗರತ್ನಾ ಮೊಬೈಲ್ ಹಿಡಿದು ಪರೀಕ್ಷೆಗೆ ಬಂದರು. ನಾಲ್ಕು ವರ್ಷದ ಭಾಗ್ಯಾಳನ್ನು ಎದುರಿಗೆ ಕೂಡಿಸಿಕೊಂಡು ಕರಡಿಯ ಮೊದಲ ಪುಟ ತೋರಿಸಿದರು.

“ಮೀನ ಎಷ್ಟವ ಬಂಗಾರಿ?”

“ಲಾಭ.”

“ಅಲ್ಲಬೇ, ಎಷ್ಟವ?”

“ಲಾಭ ಮೀನ.”

“ಒಂದು ಅನ್ನಂಗಿಲ್ಲೇನು?”

ಭಾಗ್ಯಾಳಿಗೆ ಮೇಡಂ ಮೇಲೆ ಕನಿಕರ ಬಂತು. “ಒಂದು ನಮ್ಮಲ್ಲಿ ಇಲ್ರಿ. ಎರಡು ಬೇಕೇನ್ರಿ?”

ನಾಗರತ್ನಾ ನಿಟ್ಟುಸಿರು ಬಿಟ್ಟರು. “ಮಲ್ಕಮ್ಮ, ಹುಡುಗಿ ಶಾಣ್ಯಾಳ ಅಂತ ನನಗ ಗೊತ್ತದ. ಮೊಬೈಲಿಗೆ ಗೊತ್ತಿಲ್ಲ. ಒಂದು ಬರ್ಲಿಲ್ಲಂದ್ರ ಎರಡು ತೆರಿಯಂಗಿಲ್ಲ.”

ಹದಿನೆಂಟು ಮಕ್ಕಳಿಗೂ ಸೊನ್ನೆ ಬಿತ್ತು. ನಿಯಮ ಏಳರ ಪ್ರಕಾರ, ಎಲ್ಲ ಮಕ್ಕಳೂ ಸೊನ್ನೆ ಪಡೆದ ಕೇಂದ್ರವನ್ನು ಹತ್ತಿರದ ಉತ್ತೀರ್ಣ ಕೇಂದ್ರದಲ್ಲಿ ವಿಲೀನಗೊಳಿಸತಕ್ಕದ್ದು. ಹತ್ತಿರದ ಕೇಂದ್ರ ಸಕ್ಕರೆ ಕಾರ್ಖಾನೆ ರಸ್ತೆಯ ಆಚೆ. ಎರಡೆರಡು ಟ್ರಾಲಿ ಕಬ್ಬು ಎಳೆಯುವ ಟ್ರ್ಯಾಕ್ಟರುಗಳು ಹಗಲೆಲ್ಲ ಸಾಲು ಹಿಡಿಯುವ ರಸ್ತೆ ಅದು.

“ಮೂರು ವರ್ಷದ ಕೂಸು ಆ ರಸ್ತೆ ಹ್ಯಾಂಗ ದಾಟ್ತದ್ರಿ ಮೇಡಂ? ಯಾವ ತಾಯಿ ಕಳಿಸ್ತಾಳ್ರಿ?”

“ದಾಟೋದು ಮೊಬೈಲಿನಾಗ ಕೇಳಿಲ್ಲವ್ವ,” ಅಂದರು ನಾಗರತ್ನಾ.

ವಿಲೀನ ಅಂದರೆ ಬೀಗ ಅಂತ ಮಲ್ಕಮ್ಮನಿಗೆ ಗೊತ್ತಿತ್ತು. ತಾನು ಒಂದು ಅಂದರೆ ಮಕ್ಕಳು ಲಾಭ ಅಂತ ತಿದ್ದುತ್ತಿದ್ದವು, ಅದಕ್ಕೇ ಹೀರಾಬಾಯಿಯ ಕೈ ಹಿಡಿದು ಬೇಡಿಕೊಂಡಳು. “ಆಯೀ, ನಮ್ಮ ಕೇಂದ್ರ ಉಳೀಬೇಕು. ಒಂದು ಸಲ ಒಂದು ಅನ್ನಬೇ.”

ಹೀರಾಬಾಯಿ ಕಣ್ಣು ಮುಚ್ಚಿ, ಕಾಳು ಹಿಡಿದು, “ಒಂ...” ಅಂದವಳು ಕೆಮ್ಮಿದಳು. ನೀರು ಕುಡಿದು ಮತ್ತೆ ಹಿಡಿದಳು, ಮತ್ತೆ ಕೆಮ್ಮಿದಳು. “ಬರವಲ್ದು ಟೀಚರ್ರ. ಕೈಯಾಗ ಕಾಳು ಇದ್ದಾಗ ಬಾಯಿ ಒಲ್ಲೆ ಅಂತದ.”

ಊರ ದೊಡ್ಡ ಕುಳ ಅಣ್ಣಾರಾಯರು ಸುದ್ದಿ ಕೇಳಿ ಅಂಗನವಾಡಿ ಕಟ್ಟೆಗೇ ಬಂದರು. “ಕೂಸುಗೋಳಿಗೆ ಒಂದು ಕಲಿಸಿದ್ರ ಖಬರ್ದಾರ್! ನಾಳೆ ನನ್ನ ಕಣಕ್ಕ ಬಂದು ಯಾವುದಾದ್ರು ಒಂದು ಅಂತು ಅಂದ್ರ ಜಿಮ್ಮೇದಾರಿ ಯಾರ್ದು? ಇಲಾಖಿ ತೊಗರಿ ತಂದು ಹಾಕ್ತದೇನು?”

ಎಂಟನೇ ದಿನಕ್ಕೆ ನೋಟಿಸು ಬಂತು:

‘ಪೆಟ್ಟಿಗೆಯೊಂದಿಗೆ ತಮಗೆ ಒಂದರಿಂದ ಇಪ್ಪತ್ತರವರೆಗಿನ ಸಂಖ್ಯೆಗಳನ್ನು ಸುಸ್ಥಿತಿಯಲ್ಲಿ ಒದಗಿಸಲಾಗಿದ್ದು, ತಾವು ಸ್ವೀಕರಿಸಿ ಸಹಿ ಮಾಡಿರುತ್ತೀರಿ. ತಪಾಸಣೆಯ ವೇಳೆ ಇಪ್ಪತ್ತರ ಪೈಕಿ ಹತ್ತೊಂಬತ್ತು ಮಾತ್ರ ಕಂಡುಬಂದಿರುತ್ತವೆ. ಸದರಿ ಸಂಖ್ಯೆಯು ಸವೆದಿದೆಯೋ, ಕಳುವಾಗಿದೆಯೋ ಅಥವಾ ಮಕ್ಕಳು ನುಂಗಿರುತ್ತಾರೋ ಎಂಬ ಬಗ್ಗೆ ಏಳು ದಿನಗಳೊಳಗೆ ವಿವರಣೆ ನೀಡತಕ್ಕದ್ದು.’

ಮಲ್ಕಮ್ಮ ಇದ್ದದ್ದನ್ನು ಇದ್ದಹಾಗೆ ಬರೆದಳು: ‘ಸವೆದಿಲ್ಲ. ಕಳುವಾಗಿಲ್ಲ. ನುಂಗಿಲ್ಲ. ಅದಕ್ಕೆ ಇಲ್ಲಿ ಲಾಭ ಅನ್ನುತ್ತಾರೆ.’

ಪತ್ರ ಮೂರು ತಾಲೂಕುಗಳ ಜಂಟಿ ಸಭೆಗೆ ಹೋಯಿತು. ಸಭೆ ನಡೆದದ್ದು ಜೇವರ್ಗಿಯಲ್ಲಿ, ಅಲ್ಲಿನ ಫ್ಯಾನು ತಿರುಗುತ್ತಿದ್ದ ಕಾರಣಕ್ಕೆ. ಮೇಜಿನ ಸುತ್ತ ಕೂತವರಲ್ಲಿ ಅರ್ಧ ಜನ ಒಕ್ಕಲುತನದ ಮನೆಯವರೇ. ಲಾಭ ಅಂದರೆ ಏನು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಫೈಲಿನ ಮೇಲೆ ‘ಕಾಣೆ’ ಅಂತ ಬರೆದಾಗಿತ್ತು, ಕಾಣೆಯಾದ ವಸ್ತುವನ್ನು ಮರುಪೂರೈಕೆ ಮಾಡಬೇಕೆಂಬುದು ನಿಯಮ. ಹುಣಸಿವಾಡಿಗೆ ಮಾತ್ರ ಕೊಟ್ಟರೆ ಪಕ್ಷಪಾತವಾದೀತು ಎಂದು ಅಧ್ಯಕ್ಷ ಸತೀಶಕುಮಾರ ಅವರು ಆತಂಕ ವ್ಯಕ್ತಪಡಿಸಿದರು. ಆದ್ದರಿಂದ ಆರುನೂರಾ ನಲವತ್ತು ಕೇಂದ್ರಗಳಿಗೂ ಹೊಸ ಒಂದನ್ನು ಖರೀದಿಸಲು ತೀರ್ಮಾನವಾಯಿತು. ಅವರ ಷಡ್ಡಕ ಪರಮೇಶ ಎಂಬವರಿಗೆ ಗುತ್ತಿಗೆ ಸಿಕ್ಕಿತು. ಸಭೆ ನಡೆಯುವಾಗ ಅವರು ಹೊರಗೆ ಬೆಂಚಿನ ಮೇಲೆಯೇ ಕೂತಿದ್ದುದು ಅನುಕೂಲವಾಯಿತು.

ಹದಿನೈದು ದಿನಕ್ಕೆ ಟೆಂಪೋ ಬಂತು. ಕಟ್ಟಿಗೆಯಲ್ಲಿ ಕೊರೆದ, ಹಳದಿ ಬಣ್ಣ ಬಳಿದ, ಮಕ್ಕಳ ಎತ್ತರದ ೧. ಬಣ್ಣ ಇನ್ನೂ ಹಸಿ ಇತ್ತು. ಭಾಗ್ಯಾ ಓಡಿಹೋಗಿ ತಬ್ಬಿಕೊಂಡು, ಹೊಟ್ಟೆಯೆಲ್ಲ ಹಳದಿ ಮಾಡಿಕೊಂಡು ಕೂಗಿದಳು: “ಆಯೀ, ಲಾಭ ಬಂತು!”

ಪೂರೈಕೆಯ ಪುರಾವೆಗೆಂದು ನಾಗರತ್ನಾ ಅದನ್ನು ವಿಡಿಯೋ ಮಾಡಿ ಕಳಿಸಿದರು. ವಾರದೊಳಗೆ ಆದೇಶ ಹೊರಬಿತ್ತು:

‘ಪೂರೈಸಲಾದ ವಸ್ತುವನ್ನು ಫಲಾನುಭವಿಯು ಲಾಭವೆಂದು ಗುರುತಿಸಿರುವುದರಿಂದಲೂ, ಬಿಲ್ಲು ಈಗಾಗಲೇ ಪಾಸಾಗಿರುವುದರಿಂದಲೂ, ಮೂರೂ ತಾಲೂಕುಗಳಲ್ಲಿ ಸದರಿ ಸಂಖ್ಯೆಯನ್ನು ಲಾಭವೆಂದೇ ಕರೆಯತಕ್ಕದ್ದು. ಬೇರೆ ಹೆಸರಿನಿಂದ ಕರೆದ ಮಗುವಿಗೆ ಸೊನ್ನೆ ನೀಡತಕ್ಕದ್ದು.’

ಮೊಬೈಲನ್ನು ಅದರಂತೆ ತಿದ್ದಿ, ಎಲ್ಲ ಕಡೆಗೂ ಒಂದೇ ದಿನ ಮರುಪರೀಕ್ಷೆ ಮಾಡಿದರು. ಹುಣಸಿವಾಡಿಯ ಹದಿನೆಂಟೂ ಮಕ್ಕಳು ಪೂರ್ಣ ಅಂಕ ಪಡೆದರು. ಉಳಿದ ಆರುನೂರಾ ಮೂವತ್ತೊಂಬತ್ತು ಕೇಂದ್ರಗಳ ಮಕ್ಕಳೆಲ್ಲ ಸ್ಪಷ್ಟವಾದ ದನಿಯಲ್ಲಿ ಒಂದು ಅಂದು ಸೊನ್ನೆ ಪಡೆದರು.

ಮಲ್ಕಮ್ಮ ಹೀರಾಬಾಯಿಯನ್ನು ತಬ್ಬಿಕೊಂಡು ಅತ್ತಳು. ಕೇಂದ್ರ ಉಳಿದಿತ್ತು. ಒಂದು ಕೂಸೂ ಆ ರಸ್ತೆ ದಾಟಬೇಕಿರಲಿಲ್ಲ. ಕಣ್ಣು ಒರೆಸಿಕೊಂಡು ಮೊಬೈಲ್ ತೆರೆದಳು. ನಿಯಮ ಏಳು ಇನ್ನೂ ಜಾರಿಯಲ್ಲಿತ್ತು. ಉತ್ತೀರ್ಣ ಕೇಂದ್ರ ಎಂಬುದು ಮೂರು ತಾಲೂಕಿಗೆ ಹುಣಸಿವಾಡಿ ಮಾತ್ರ. ಹಾಜರಿ ಪುಟದಲ್ಲಿ ಹೀಗಿತ್ತು: ‘ಒಟ್ಟು ಮಕ್ಕಳು: ಇಪ್ಪತ್ತು ಸಾವಿರದ ಲಾಭ. ಕೊಠಡಿ: ಲಾಭ. ಕಿಟಕಿ: ಲಾಭ.’

ಗಾಬರಿಯಾಗಿ ಫೋನು ಹಚ್ಚಿದಳು. “ಮೇಡಂ, ಎಲ್ಲಿ ಕೂಡಸ್ಲಿ ಇವ್ರನ?”

“ಅವ್ರು ಬರಂಗಿಲ್ಲವ್ವ. ಅವರವರ ಊರಾಗೇ ಆಡ್ತಾರ, ಉಣ್ತಾರ. ನಿಮ್ಮಲ್ಲಿ ಹಾಜರಿ ಅಷ್ಟೇ.”

“ಹಂಗಾದ್ರ ಆ ಕೇಂದ್ರಗೋಳು ಮುಚ್ಚಿಲ್ಲೇನ್ರಿ?”

“ಮುಚ್ಯಾವ. ಒಂಬತ್ತೂವರಿಗೆ ಬಾಗಿಲಾ ತೆಗೀತಾವ.”

ಅಫಜಲಪುರದ ಕಡೆಯ ಟೀಚರುಗಳು ಎರಡೇ ದಿನದಲ್ಲಿ ಮಕ್ಕಳಿಗೆ ಲಾಭ ಕಲಿಸಿ, ತಮ್ಮ ಕೇಂದ್ರಗಳನ್ನು ಮತ್ತೆ ತೆರೆಯಬೇಕೆಂದು ಅರ್ಜಿ ಕೊಟ್ಟರು. ತೆರೆದಿರುವ ಬಾಗಿಲನ್ನು ಪುನಃ ತೆರೆಯಲು ನಿಯಮದಲ್ಲಿ ಅವಕಾಶವಿಲ್ಲವೆಂದು ಉತ್ತರ ಬಂತು. ಉತ್ತರ ಸರಿಯಾಗಿಯೇ ಇದೆ ಅಂತ ಅವರಿಗೂ ಅನ್ನಿಸಿತು.

ಸೋಮವಾರದಿಂದ ಮಲ್ಕಮ್ಮ ಹಾಜರಿ ಒತ್ತತೊಡಗಿದಳು. ಮಧ್ಯಾಹ್ನದ ಹೊತ್ತಿಗೆ ಹೆಬ್ಬೆರಳು ಬಾತಿತ್ತು. ಒಲೆಯ ಮುಂದಿನಿಂದ ಹೀರಾಬಾಯಿ ಕೇಳಿದಳು.

“ಟೀಚರ್ರ, ಅನ್ನಕ್ಕ ನೀರು ಎಷ್ಟು ಇಡ್ಲಿ?”

“ಹದಿನೆಂಟು ಕೂಸಿಗೆ ಇಡಬೇ ಆಯಿ.”

“ಉಳಿದವ್ರಿಗೆ?”

ಮಲ್ಕಮ್ಮ ಮೊಬೈಲಿನಿಂದ ತಲೆ ಎತ್ತಲಿಲ್ಲ. “ಅವ್ರ ಊಟ ಆತು. ಈಗ ಕೈ ತೊಳಿಯಾಕತ್ತಾರ.”

“ಸಾಬಾಣ ಹಚ್ಚಿ ತೊಳ್ಕೊಳ್ರಿ ಅನ್ರಿ ಅವ್ಕ,” ಅಂದು ಹೀರಾಬಾಯಿ ಅಕ್ಕಿ ತೊಳೆಯಲು ಕೂತಳು.