ನೀರಿಗೆ ಬಿಟ್ಟ ಸಾಕ್ಷಿ

ನಮ್ಮ ಭಾವನವರ ಮನೆಯಲ್ಲಿ ಇಲ್ಲದ ಕಾಗದವೇ ಇಲ್ಲ, ಬೇಕಾದ ಕಾಗದವೊಂದನ್ನು ಬಿಟ್ಟು! ಇದನ್ನು ನಾನು ಹೊಟ್ಟೆಯುರಿಗೆ ಹೇಳುತ್ತಿಲ್ಲ. ಇಂಗ್ಲೆಂಡಿನ ಕೋರ್ಟೊಂದು ಇದೇ ಅಭಿಪ್ರಾಯಕ್ಕೆ ಬಂದು, ಅದಕ್ಕೆ ಮೊಹರು ಒತ್ತಿ, ಅಂಚೆಯಲ್ಲಿ ನಮ್ಮ ಮನೆಗೆ ಕಳಿಸಿದೆ. ನಮ್ಮ ಮನೆಗೆ ಯಾಕೆ ಅಂತೀರಾ? ಭಾವನವರು ಕೇಸಿನ ವಿಳಾಸವಾಗಿ ಪಿನ್ನರಿನ ನಮ್ಮ ಮನೆಯದನ್ನೇ ಕೊಟ್ಟಿದ್ದಾರೆ. ಹ್ಯಾರೋದಲ್ಲಿರುವ ಅವರ ಮನೆಯ ಬಾಗಿಲ ಸಂದಿಯಿಂದ ಒಳಗೆ ಬಿದ್ದ ಕಾಗದ ಆಮೇಲೆ ಅವರಿಗೇ ಸಿಗುವುದಿಲ್ಲವಂತೆ.

ಭಾವ ಎಂದರೆ ನನ್ನ ಗಂಡನ ಅಣ್ಣ. ಕುಂದಾಪುರದ ಕಡೆಯವರು. ಮದುವೆ ಮಾಡಿಕೊಳ್ಳಲಿಲ್ಲ. ಆದರೆ ಹೆಣ್ಣು ಕೊಡುತ್ತೇವೆಂದು ಬಂದವರ ಜಾತಕಗಳು ಇವತ್ತಿಗೂ ಅವರ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಭದ್ರವಾಗಿವೆ! ಲಂಡನ್ನಿಗೆ ಬಂದ ಹೊಸದರಲ್ಲಿ ಹೋಟೆಲಿನಲ್ಲಿ ದೋಸೆ ಹುಯ್ದರು. ಆಮೇಲೆ ರೈಲು ಬೋಗಿಗಳನ್ನು ಗುಡಿಸಿ ಒರೆಸುವ ಯಾರ್ಡೊಂದರಲ್ಲಿ ಕೆಲಸಕ್ಕೆ ಸೇರಿ ಹದಿನೆಂಟು ವರ್ಷ ದುಡಿದರು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಬೋಗಿಗೆ ಹತ್ತುವ ಕಬ್ಬಿಣದ ಮೆಟ್ಟಿಲು ಕಿತ್ತುಕೊಂಡು ಬಂತು, ಭಾವ ಹಳಿಯ ಮೇಲೆ ಬಿದ್ದರು. ಬಲ ಮೊಣಕಾಲಿನ ಚಿಪ್ಪು ಎರಡು ಹೋಳಾಯಿತು.

ಮೆಟ್ಟಿಲು ಸಡಿಲವಾಗಿದೆ ಎಂದು ಮೂರು ಸಲ ಹೇಳಿದ್ದೆ ಅಂತ ಭಾವ. ಒಂದು ಸಲವೂ ಹೇಳಿಲ್ಲ, ಈ ಮನುಷ್ಯ ಸುಳ್ಳು ಹೇಳುತ್ತಿದ್ದಾನೆ ಅಂತ ಯಾರ್ಡಿನವರು. ಕಾಲು ಮುರಿದಾಗ ಬಾಯಿಬಿಡದ ಭಾವ ಈ ಮಾತಿಗೆ ಎರಡು ದಿನ ಊಟ ಬಿಟ್ಟರು. ಕೇಸು ಹಾಕಿಯೇ ಸೈ ಎಂದು ಹೊರಟಾಗ ನನ್ನ ಹತ್ತಿರ ಹೇಳಿದ್ದು ಇಷ್ಟೇ: "ದುಡ್ಡಿನ ಮಾತು ಬಿಡು ಮಾರಾಯ್ತಿ. ಇಂವ ಹೇಳಿದ್ದು ಹೌದು ಅಂತ ಅವರು ಬರೆದು ಕೊಡ್ಲಿ, ಸಾಕು."

ನನ್ನ ಹತ್ತಿರ ಯಾಕೆ ಹೇಳಿದರು? ಸ್ವಂತ ತಮ್ಮ ಇಲ್ಲವೇ? ಇದ್ದಾರೆ. ಅಣ್ಣನ ಕೋಲಿನ ಟಕಟಕ ಕೇಳಿದೊಡನೆ ಮಹಡಿ ಹತ್ತಿ 'ಮೀಟಿಂಗ್' ಶುರುಮಾಡುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮನೆಯಿಂದಲೇ ಕೆಲಸ ಮಾಡುವ ನಾನು ಭಾವನವರ ಗುಮಾಸ್ತೆ, ಟೈಪಿಸ್ಟು, ಡ್ರೈವರು ಎಲ್ಲಾ ಆದೆ.

ಇಲ್ಲಿಯ ಕೋರ್ಟಿನಲ್ಲಿ ಒಂದು ಪದ್ಧತಿಯಿದೆ. ವಾದಕ್ಕೆ ಮುಂಚೆ ಎರಡೂ ಕಡೆಯವರು ತಮ್ಮಲ್ಲಿರುವ ಕಾಗದಗಳನ್ನು ಒಬ್ಬರಿಗೊಬ್ಬರು ತೋರಿಸಬೇಕು. ಒಂದು ಥರ ಹೆಣ್ಣು ನೋಡುವ ಶಾಸ್ತ್ರ. ಉಬ್ಬುಹಲ್ಲಿದ್ದರೂ ಬಾಯಿ ಮುಚ್ಚಿಕೊಂಡು ಕೂರುವಂತಿಲ್ಲ. ನಮ್ಮ ಲಾಯರಮ್ಮ, ಪಾಪ, ಚಿಕ್ಕ ವಯಸ್ಸಿನವಳು. "ಕೇಸಿಗೆ ಸಂಬಂಧಪಟ್ಟ ಕಾಗದಗಳನ್ನೆಲ್ಲ ತನ್ನಿ" ಎಂದುಬಿಟ್ಟಳು. ಭಾವ ಏಳು ಅಕ್ಕಿಚೀಲ ತುಂಬಿದರು! ಲಾಯರಮ್ಮನ ಆಫೀಸಿನ ಬಾಗಿಲಲ್ಲಿ ನಾನು ಒಂದೊಂದೇ ಚೀಲ ಇಳಿಸುತ್ತಿದ್ದರೆ, ಒಳಗಿನ ಹುಡುಗಿ ಓಡಿಬಂದು, ಅಕ್ಕಿಯ ಅಂಗಡಿ ಪಕ್ಕದ್ದು ಎಂದು ದಾರಿ ತೋರಿಸಿದಳು.

ಚೀಲದಲ್ಲಿ ಏನಿತ್ತು? ಜಿಪಿ ಡಾಕ್ಟರು ಬರೆದ ಪತ್ರಗಳಿದ್ದವು, ಸರಿ. ಕೌನ್ಸಿಲ್ಲಿನವರ ಕಸದ ವೇಳಾಪಟ್ಟಿ ಯಾಕೆ? ಯಾರದೋ ಗೃಹಪ್ರವೇಶದ ಆಮಂತ್ರಣ ಯಾಕೆ? ಬಸ್ಸಿನ ಟಿಕೆಟುಗಳು ಯಾಕೆ, ಅದೂ ಮಂಗಳೂರಿನವು?

"ಸಂಬಂಧಪಟ್ಟದ್ದು ಮಾತ್ರ ಅಂದಿದ್ರಲ್ಲ ಭಾವ," ಎಂದೆ.

"ಯಾವುದು ಸಂಬಂಧಪಟ್ಟದ್ದು ಅಂತ ಈಗಲೇ ಹೇಗೆ ಹೇಳೂದು? ಎಲ್ಲ ಮುಗಿದ ಮೇಲೆ ಗೊತ್ತಾಗ್ತದೆ."

ನಾನು ಇದನ್ನು ಇಂಗ್ಲಿಷಿಗೆ ಮಾಡಿ ಹೇಳಿದೆ. ಲಾಯರಮ್ಮ ನಗಲಿಲ್ಲ. ತಾನು ಕಾಲೇಜಿನಲ್ಲಿ ಒಂದು ವರ್ಷ ಓದಿ ತಿಳಿದದ್ದೂ ಇಷ್ಟೇ ಎಂದು ನಿಟ್ಟುಸಿರು ಬಿಟ್ಟಳು.

ಆಮೇಲೆ ಎದುರು ಪಕ್ಷದ ಸರದಿ. ಮೂರು ತಿಂಗಳು ಒಂದು ಹಾಳೆಯೂ ಬರಲಿಲ್ಲ. ಜ್ಞಾಪನ ಪತ್ರಗಳು ಹೋದವು, ಗಡುವು ಕಳೆಯಿತು. ಕೊನೆಗೆ ಒಂದೇ ಏಟಿಗೆ ಸಾವಿರದ ಚಿಲ್ಲರೆ ಪುಟ ಬಂತು! ಯಾರ್ಡಿನ ಕ್ಯಾಂಟೀನಿನ ತಿಂಡಿಪಟ್ಟಿ ಇತ್ತು. ಪಾರಿವಾಳಗಳ ಕಾಟದ ಬಗ್ಗೆ ನಲವತ್ತು ಪುಟದ ವರದಿ ಇತ್ತು. ಭಾವ ನನ್ನ ಊಟದ ಮೇಜಿನ ಮೇಲೆ ಅದನ್ನೆಲ್ಲ ಹರಡಿ, ಭೂತಗನ್ನಡಿ ಹಿಡಿದು ಒಂಬತ್ತು ದಿನ ಓದಿದರು. ನಾವು ಒಂಬತ್ತು ದಿನ ಮೆಟ್ಟಿಲ ಮೇಲೆ ತಟ್ಟೆ ಹಿಡಿದು ಉಂಡೆವು. ಬೆಟ್ಟ ಅಗೆದರೆ ಇಲಿಯಾದರೂ ಸಿಗಬೇಕಲ್ಲ? ಅದೂ ಇಲ್ಲ. ಭಾವ ಬಿದ್ದ ವಾರದ ಕಾಗದಗಳೇ ಅದರಲ್ಲಿರಲಿಲ್ಲ. ಕೇಳಿದ್ದಕ್ಕೆ, ಕಚೇರಿ ಬದಲಾಯಿಸುವಾಗ ಎಲ್ಲೋ ಸೇರಿಹೋಗಿವೆ, ವಿಷಾದಿಸುತ್ತೇವೆ ಎಂದು ಉತ್ತರ ಬಂತು.

"ವಿಷಾದಿಸ್ತಾರಂತೆ. ಆದರೆ ಹುಡುಕೂದಿಲ್ಲ," ಎಂದರು ಭಾವ. ನನಗೂ ರೇಗಿತು. ಇಂಥವರನ್ನು ಸುಮ್ಮನೆ ಬಿಡಬಾರದು, ಕೋರ್ಟಿಗೆ ದೂರು ಕೊಡೋಣ ಎಂದು ನಾನೇ ಹುರಿದುಂಬಿಸಿದೆ. ನಮ್ಮ ಕೈಯಲ್ಲಿ ಬ್ರಹ್ಮಾಸ್ತ್ರವಿತ್ತು, ನೋಡಿ. ಭಾವ ಪ್ರತಿದಿನದ ಸಂಗತಿಯನ್ನು ಅಡುಗೆಮನೆಯ ಕ್ಯಾಲೆಂಡರಿನ ಚೌಕದಲ್ಲಿ ಬರೆಯುವವರು. 'ಮೊಸರು ಹೆಪ್ಪಾಗಲಿಲ್ಲ.' 'ಏಕಾದಶಿ, ಮರೆತು ಉಂಡೆ.' ಹಾಗೆಯೇ 'ಮೆಟ್ಟಿಲು ಅಲ್ಲಾಡ್ತದೆ, ಹೇಳಿದೆ' ಎಂದು ಮೂರು ಕಡೆ ಬರೆದಿದ್ದೇನೆ ಎಂದು ಲಾಯರಮ್ಮನಿಗೆ ಎದೆಯುಬ್ಬಿಸಿ ಹೇಳಿದ್ದರು. ಅವಳು ಅದನ್ನು ಎದುರು ಪಕ್ಷಕ್ಕೂ ಬರೆದಿದ್ದಳು.

ಅವರೇನು ದಡ್ಡರೇ? ಆ ಕ್ಯಾಲೆಂಡರ್ ತೋರಿಸಿ ಎಂದರು.

"ಎಲ್ಲಿದೆ ಭಾವ?"

ಭಾವ ಕಿಟಕಿಯಾಚೆ ನೋಡಿದರು. "ನೀರಿಗೆ ಬಿಟ್ಟದ್ದಲ್ವಾ."

ಊರಿನ ಬಟ್ಟೆ ಅಂಗಡಿಯವರು ಹಂಚುವ ಕ್ಯಾಲೆಂಡರದು. ಮೇಲೆ ದುರ್ಗಾಪರಮೇಶ್ವರಿಯ ಪಟ, ಅದರ ಬುಡಕ್ಕೆ ಅಂಟಿಕೊಂಡು ತಿಂಗಳ ಹಾಳೆಗಳು. ವರ್ಷ ಮುಗಿದ ಮೇಲೆ ದೇವರ ಪಟವನ್ನು ಕೌನ್ಸಿಲ್ಲಿನ ನೀಲಿ ಕಸದ ಡಬ್ಬಕ್ಕೆ ಹಾಕುತ್ತಾರೆಯೇ? ಸಂಕ್ರಾಂತಿಯ ಮಾರನೆಯ ದಿನ, ಅರಿಸಿನ ಕುಂಕುಮ ಇಟ್ಟು, ನಮ್ಮ ಮನೆಯ ಹತ್ತಿರದ ಪಿನ್ ಹೊಳೆಗೆ ಬಿಟ್ಟಿದ್ದರು. ಕುಂಟುಕಾಲಿನ ಭಾವನನ್ನು ಹೊಳೆಯವರೆಗೆ ಕಾರಿನಲ್ಲಿ ಕರೆದುಕೊಂಡು ಹೋದವರು ಯಾರು? ನಾನೇ! ಕೈಮುಗಿದು ಪ್ರಸಾದದ ಬಾಳೆಹಣ್ಣನ್ನೂ ತಿಂದಿದ್ದೆ.

"ಕೆಳಗಿನ ಹಾಳೆ ಕತ್ತರಿಸಿ ಇಟ್ಕೋಬಹುದಿತ್ತಲ್ಲ?"

"ಅಮ್ಮನ ಪಾದದ ಬುಡದಲ್ಲಿ ಕತ್ತರಿ ಆಡಿಸೂದಾ? ನೀನು ಮೈಸೂರಿನವಳು, ನಿಮ್ಮಲ್ಲಿ ನಡೀತದೋ ಏನೋ."

ನನ್ನ ಮಗಳು ಫೋನಿನಿಂದ ತಲೆಯೆತ್ತಿ, "ದೊಡ್ಡಪ್ಪ, ವೈ ಡಿಡ್ ಯು ನಾಟ್ ಟೇಕ್ ಎ ಫೋಟೊ?" ಎಂದಳು. ದೊಡ್ಡಪ್ಪನಿಗೆ ಆಗ ಕಿವಿ ಕೇಳಿಸಲಿಲ್ಲ.

ಮಂಗಳೂರಿನ ಬಸ್ ಟಿಕೆಟ್ ಕಾಪಾಡಿಕೊಂಡ ಮಹಾನುಭಾವ, ಇಡೀ ಕೇಸಿಗೆ ಆಧಾರವಾದ ಒಂದೇ ಒಂದು ಕಾಗದವನ್ನು ಕೈಯಾರೆ ಹೊಳೆಗೆ ಹಾಕಿದ್ದರು. ಎದುರು ಪಕ್ಷದವರಿಗೆ ಹಬ್ಬ! ಅವರದು ಕಳೆದದ್ದಾದರೆ 'ಎಲ್ಲೋ ಸೇರಿಹೋಗಿದೆ'. ನಮ್ಮದು ಕಳೆದದ್ದಾದರೆ 'ಸಾಕ್ಷ್ಯನಾಶ'. ಹೊಳೆಯ ಆಳ ಎಷ್ಟು, ಹರಿವು ಎಷ್ಟು ಎಂದೂ ಪತ್ರ ಬರೆದು ಕೇಳಿದರು. ಆ ಹೊಳೆಯಲ್ಲಿ ಬಾತುಕೋಳಿ ನಡೆದುಕೊಂಡು ಹೋಗುತ್ತದೆ, ಏನು ಆಳ ಹೇಳಲಿ?

ಅದಾದ ಮೇಲೆ ಒಂದು ಮಧ್ಯಾಹ್ನ ಪಕ್ಕದ ಬೀದಿಯ ಹೆಂಗಸು ಫೋನ್ ಮಾಡಿ, ನಿಮ್ಮ ಕಡೆಯ ಹಿರಿಯರೊಬ್ಬರು ಪ್ಯಾಂಟು ಮಡಚಿಕೊಂಡು ಹೊಳೆಯಲ್ಲಿ ನಿಂತಿದ್ದಾರೆ, ನಾಯಿ ಕಳೆದಿದೆಯೇ ಎಂದು ಕೇಳಿದರೆ ಇಲ್ಲ, ದೇವರು ಎನ್ನುತ್ತಿದ್ದಾರೆ ಎಂದಳು. ಹೋಗಿ ನೋಡಿದರೆ ಭಾವ ಊರುಗೋಲಿನಿಂದ ಕಲ್ಲು ಕೆದಕುತ್ತಿದ್ದಾರೆ. ಬಿಟ್ಟು ಒಂದೂವರೆ ವರ್ಷವಾದ ಕಾಗದ! ಬೈದು ಮನೆಗೆ ಕರೆತಂದು ಬಿಸಿನೀರು ಕಾಯಿಸಿದೆ. ಬೈದದ್ದು ಕಡಿಮೆಯಾಯಿತೆಂದು ಇವತ್ತಿಗೂ ಅನ್ನಿಸುತ್ತದೆ.

ವಿಚಾರಣೆ ವಿಡಿಯೋದಲ್ಲಿ ನಡೆಯಿತು. ಜಡ್ಜ್ ವಯಸ್ಸಾದವರು, ತಾಳ್ಮೆಯ ಮನುಷ್ಯ. ಕಾಗದ ಹೊಳೆಯಲ್ಲಿದೆ ಎನ್ನುತ್ತೀರಾ ಎಂದು ಎರಡು ಸಲ ಕೇಳಿ ಬರೆದುಕೊಂಡರು. ಆಮೇಲೆ ಇಬ್ಬರಿಗೂ ಸರಿಯಾಗಿ ಚಾಟಿ ಬೀಸಿದರು. ಯಾರ್ಡಿನವರು ಆ ವಾರದ ಕಾಗದಗಳನ್ನು ಗುರುವಾರದೊಳಗೆ ಹುಡುಕಿ ಕೊಡಬೇಕು, ಅವತ್ತಿನ ವಿಚಾರಣೆಯ ಖರ್ಚನ್ನೂ ಹೊರಬೇಕು. ಭಾವ ಶುಕ್ರವಾರ ಸಂಜೆ ನಾಲ್ಕರೊಳಗೆ ಎರಡು ಪ್ರಶ್ನೆಗೆ ಪ್ರಮಾಣ ಮಾಡಿ ಉತ್ತರ ಬರೆದು ಕೊಡಬೇಕು. ಒಂದು, ಕ್ಯಾಲೆಂಡರ್ ಏನಾಯಿತು? ಎರಡು, ಮೆಟ್ಟಿಲು ಸಡಿಲವೆಂದು ಗೊತ್ತಿದ್ದೂ ಅವತ್ತು ಅದನ್ನೇ ಯಾಕೆ ಹತ್ತಿದಿರಿ? ಕೊಡದಿದ್ದರೆ ಕೇಸು ವಜಾ. ವಜಾ ಆದರೆ ಭಾವ ಸುಳ್ಳುಗಾರರೆಂದೇ ಕಡತ ಮುಚ್ಚುತ್ತದೆ.

ಗುರುವಾರ ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದು ಕೂತೆ. ಮೊದಲನೆಯ ಉತ್ತರ ಮುಗಿಯಿತು. ಎರಡನೆಯದಕ್ಕೆ ಬಂದಾಗ ಭಾವ ಚಕ್ಕುಲಿ ಮುರಿಯುತ್ತಾ, "ಹತ್ತಿದೆ, ಬಿದ್ದೆ. ಅಷ್ಟೇ ಬರಿ," ಎಂದರು.

"ಯಾಕೆ ಹತ್ತಿದ್ರಿ ಅಂತ ಕೇಳ್ತಿರೋದು ಭಾವ. ಗೊತ್ತಿದ್ದೂ ಹತ್ತಿದ್ರೆ ತಪ್ಪು ನಿಮ್ಮದೇ ಅಂತಾರೆ. ಇಲ್ಲಾ, ಗೊತ್ತೇ ಇರಲಿಲ್ಲ, ಹೇಳಿದ್ದೂ ಸುಳ್ಳು ಅಂತಾರೆ."

"ಕೆಲಸ ಅಲ್ವಾ. ಹತ್ತಬೇಕು."

ಒಂದು ಗಂಟೆ ಇದೇ ಆಯಿತು. ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಅಷ್ಟರಲ್ಲಿ ಲಾಯರಮ್ಮನಿಂದ ಮಿಂಚಂಚೆ ಬಂತು. ಯಾರ್ಡಿನವರಿಗೆ 'ಎಲ್ಲೋ ಸೇರಿಹೋದ' ಕಾಗದಗಳು ಜಡ್ಜ್ ಗದರಿದ ಮೇಲೆ ಸಿಕ್ಕಿಬಿಟ್ಟಿದ್ದವು! ಮೆಟ್ಟಿಲು ತಪಾಸಣೆಯ ಹಾಳೆ ಖಾಲಿ. ಅದರ ಕೆಳಗೆ ಅವತ್ತಿನ ಡ್ಯೂಟಿ ಪಟ್ಟಿ. ಆ ಬೋಗಿಯ ಎದುರಿಗೆ ಇದ್ದದ್ದು ಭಾವನವರ ಹೆಸರಲ್ಲ. ಯಾರೋ ಹೆಂಗಸಿನ ಹೆಸರು ಅಚ್ಚಾಗಿತ್ತು. ಅದನ್ನು ಪೆನ್ನಿನಿಂದ ಹೊಡೆದು, ಪಕ್ಕದಲ್ಲಿ ತಮ್ಮ ಹೆಸರನ್ನು ಭಾವನವರೇ ಬರೆದಿದ್ದರು. ಆ ಗುಂಡನೆಯ ಅಕ್ಷರ ನನಗೆ ಗೊತ್ತಿಲ್ಲವೇ?

ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದೆ.

"ಯಾರು ಭಾವ ಇವರು?"

"ಹೊಸದಾಗಿ ಸೇರಿದ್ದ ಹೆಣ್ಣುಮಗು. ಸಿಲೋನಿನ ಕಡೆಯದ್ದು. ಅವಳು ಆಗ ಆರು ತಿಂಗಳ ಬಸುರಿ." ಚಕ್ಕುಲಿಯನ್ನು ತಟ್ಟೆಗೆ ಇಟ್ಟರು. "ಮೂರು ಸಲ ಹೇಳಿದೆ ಮಾರಾಯ್ತಿ, ಯಾರೂ ರಿಪೇರಿ ಮಾಡ್ಲಿಲ್ಲ. ಅವಳನ್ನು ಹತ್ತಿಸ್ಲಿಕ್ಕೆ ಆಗ್ತದಾ?"

"ಎರಡು ವರ್ಷ ಇದನ್ನ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅವಳನ್ನೂ ಕರೀತಾರೆ, ಕೇಳ್ತಾರೆ. ಕೈಕೂಸಿನ ತಾಯಿ. ಕೆಲಸಕ್ಕೂ ಕುತ್ತು. ಮತ್ತೆ ಅವಳಿಗೆ ಗೊತ್ತೂ ಇಲ್ಲ. ಆ ಬೋಗಿಯಲ್ಲಿ ನನ್ನ ಕನ್ನಡಕ ಬಿಟ್ಟಿದ್ದೇನೆ, ನಾನೇ ಹೋಗ್ತೇನೆ ಅಂತ ಹೇಳಿದ್ದು ನಾನು. ಈಗ ಅದನ್ನು ಬರೀಬೇಡ ನೀನು."

ಭಾವ ಹೇಳಿದ್ದ ಒಂದೇ ಒಂದು ಸುಳ್ಳು ಆ ಕನ್ನಡಕದ್ದು. ಅಷ್ಟು ತಿಂಗಳಿಂದ ಈ ಮನುಷ್ಯನ ಮೇಲೆ ಸಿಡುಕಿದ ನಾಲಿಗೆಯನ್ನು ಕಚ್ಚಿಕೊಳ್ಳುವಂತಾಯಿತು. ಅವಳನ್ನು ಕೇಳದೆ ಒಂದಕ್ಷರವೂ ಬರೆಯುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ನಂಬರು ಕೊಟ್ಟರು. ಫೋನಿನ ಆ ಕಡೆ ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ನಾನೀಗ ಬೇರೆ ಕಡೆ ಕೆಲಸ ಮಾಡುತ್ತಿದ್ದೇನೆ, ಹೆದರಿಕೆಯಿಲ್ಲ, ನಾಳೆ ನಾನೇ ಬಂದು ಸಹಿ ಹಾಕುತ್ತೇನೆ ಎಂದಳು. ಮೆಟ್ಟಿಲು ಅಲ್ಲಾಡುತ್ತದೆ ಎಂದು ಅವರು ಮೇಲಿನವರಿಗೆ ಹೇಳುತ್ತಿದ್ದುದನ್ನು ಕಿವಿಯಾರೆ ಕೇಳಿದ್ದೇನೆ, ಅದು ನನ್ನ ಬೋಗಿಯ ಮೆಟ್ಟಿಲೆಂದು ತಿಳಿದಿರಲಿಲ್ಲ ಎಂದೂ ಹೇಳಿದಳು.

ಶುಕ್ರವಾರ ಎರಡು ಗಂಟೆಗೆ ಬಂದಳು, ಮಗಳನ್ನೂ ಕರೆದುಕೊಂಡು. ಅವಳು ಸಹಿ ಹಾಕಿದಳು, ಭಾವ ಹಾಕಿದರು. ನಾನು ಮೂರೂಕಾಲಿಗೆ ಎಲ್ಲವನ್ನೂ ಕಳಿಸಿದೆ. ಆರು ವಾರದ ಮೇಲೆ ಯಾರ್ಡಿನವರು, ಮೂರು ಸಲ ತಿಳಿಸಿದ್ದು ನಿಜ ಎಂದು ಬರೆದು ಕೊಟ್ಟು ರಾಜಿಯಾದರು. ಆ ಪತ್ರ ಬಂದಾಗ ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ಆದರೆ ಅವತ್ತು ಶುಕ್ರವಾರ ಅದೊಂದೂ ನಮಗೆ ತಿಳಿದಿರಲಿಲ್ಲ. ಅವಳು ಭಾವನವರ ಎದುರು ಕೂತು ಏನೋ ಹೇಳಲು ಹೊರಟು ಸೆರಗಿನಿಂದ ಮುಖ ಒರೆಸಿಕೊಂಡಳು. ಭಾವ ಅವಳ ಕಡೆ ನೋಡದೆ, "ನಿನ್ನ ಹತ್ರ ಹೇಳಿದ್ದೇ ತಪ್ಪಾಯ್ತು," ಎಂದು ನನ್ನನ್ನು ಬೈದರು. ಮಗು ಮಾತ್ರ ಯಾರನ್ನೂ ಕೇಳದೆ ಅವರ ಬಲಗಾಲು ಹಿಡಿದು ಹತ್ತತೊಡಗಿತು.

"ಆ ಕಾಲು ಬೇಡ ಮಗಾ, ಗಟ್ಟಿ ಇಲ್ಲ," ಎಂದು ಭಾವ ಅದನ್ನು ಎತ್ತಿ ಎಡತೊಡೆಯ ಮೇಲೆ ಕೂರಿಸಿಕೊಂಡರು.